ಬ್ಯಾಗು ಕಾಯುವವಳು ಗುಮ್ಮಟ ಹತ್ತಿದಳು

ಪ್ರವಾಸಕ್ಕೆ ಹೋದಾಗ ನೀವು ಎಲ್ಲಿ ಕೂತಿರುತ್ತೀರಿ? ಒಮ್ಮೆ ನೆನಪು ಮಾಡಿಕೊಳ್ಳಿ. ಮನೆಯವರೆಲ್ಲ ಬೆಟ್ಟ ಹತ್ತಲು, ಕೋಟೆ ಸುತ್ತಲು ಹೋಗಿರುತ್ತಾರೆ. ಯಾರೋ ಒಬ್ಬರು ಮಾತ್ರ ಕೆಳಗೆ ಮರದ ನೆರಳಿನಲ್ಲಿ ಸಾಮಾನಿನ ನಡುವೆ ಕೂತಿರುತ್ತಾರೆ. ತೊಡೆಯ ಮೇಲೆ ಮಲಗಿದ ಮಗು, ಪಕ್ಕದಲ್ಲಿ ಊಟದ ಡಬ್ಬಿ, ಸುತ್ತ ಎಲ್ಲರ ಸ್ವೆಟರು, ಛತ್ರಿ, ನೀರಿನ ಬಾಟಲಿ. ಆ ‘ಯಾರೋ ಒಬ್ಬರು’ ಸಾಮಾನ್ಯವಾಗಿ ನಾವೇ ಅಲ್ಲವೇ? ನಮ್ಮ ಮನೆಯಲ್ಲಂತೂ ಮೂವತ್ತು ವರ್ಷಕ್ಕೂ ಮಿಕ್ಕಿ ಆ ಹುದ್ದೆ ನನ್ನದೇ ಆಗಿತ್ತು. ಸಂಬಳವಿಲ್ಲ, ರಜೆಯಿಲ್ಲ, ಬಡ್ತಿಯೂ ಇಲ್ಲ!

ಆ ಹುದ್ದೆಗೆ ನಾನು ರಾಜೀನಾಮೆ ಕೊಟ್ಟ ಕಥೆಯನ್ನೇ ಈಗ ನಿಮಗೆ ಹೇಳಹೊರಟಿದ್ದೇನೆ.

1985ರ ಡಿಸೆಂಬರ್. ನಮಗೆ ಮದುವೆಯಾಗಿ ಮೂರು ವರ್ಷ, ಮಗಳಿಗೆ ಒಂದು ವರ್ಷ. ನಮ್ಮವರ ಆಫೀಸಿನ ಸ್ನೇಹಿತರ ಎರಡು ಸಂಸಾರಗಳ ಜೊತೆ ಬಿಜಾಪುರ ನೋಡಲು ಹೋಗಿದ್ದೆವು. (2014ರಲ್ಲಿ ಅದು ವಿಜಯಪುರವಾಯಿತು. ನಮ್ಮ ಬಾಯಲ್ಲಿ ಮಾತ್ರ ಇನ್ನೂ ಬಿಜಾಪುರವೇ.) ಗೋಳಗುಮ್ಮಟದ ಮುಂದೆ ಬಂದಾಗ ಮಗಳಿಗೆ ಗಾಢ ನಿದ್ದೆ. “ಏಳು ಅಂತಸ್ತು ಹತ್ತಬೇಕಂತೆ, ಮಗೂನ ಎತ್ಕೊಂಡು ಹೇಗೆ ಹತ್ತೀಯ? ಇಲ್ಲೇ ಹುಲ್ಲಿನ ಮೇಲೆ ಕೂತಿರು, ಬ್ಯಾಗುಗಳೂ ಇರ್ತವೆ,” ಎಂದರು. ನನಗೂ ಅದೇ ಸರಿ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಯಾರೂ ನನ್ನನ್ನು ಒತ್ತಾಯದಿಂದ ಕೂರಿಸಲಿಲ್ಲ.

ಒಂದು ಗಂಟೆಯ ಮೇಲೆ ಎಲ್ಲರೂ ನಗುನಗುತ್ತಾ ಇಳಿದು ಬಂದರು. ನಮ್ಮವರು, “ಮೇಲಿಂದ ನಿನ್ನ ಹೆಸರು ಕೂಗಿದೆ ಕಣೇ! ಎಷ್ಟು ಸಲ ತಿರುಗಿ ಬಂತು ಗೊತ್ತಾ? ನಿನಗೆ ಕೇಳಿಸ್ಲಿಲ್ವಾ?” ಎಂದರು. ಹೊರಗೆ ಹುಲ್ಲಿನ ಮೇಲೆ ಕೂತವಳಿಗೆ ಏನು ಕೇಳಬೇಕು? “ಇಲ್ಲ,” ಎಂದು ಚಪಾತಿ ಡಬ್ಬಿ ತೆಗೆದೆ. ಆ ಮಾತು ಅಲ್ಲಿಗೇ ಮುಗಿಯಿತು. ಅಂದರೆ, ಮುಗಿಯಿತು ಎಂದುಕೊಂಡಿದ್ದೆ.

2016ರಲ್ಲಿ ಒಂದು ರಾತ್ರಿ. ತ್ಯಾಗರಾಜನಗರದ ನಮ್ಮ ಮನೆಯಲ್ಲಿ ದೋಸೆಗೆ ರುಬ್ಬಿಟ್ಟು ಕೈ ತೊಳೆಯುತ್ತಿದ್ದೆ. ಲಂಡನ್ನಿನಿಂದ ಮಗಳ ಫೋನು. “ಅಮ್ಮಾ, ಇವತ್ತು ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನ ಗುಮ್ಮಟ ಹತ್ತಿಬಂದೆ. 528 ಮೆಟ್ಟಿಲು! ಕಾಲು ಬಿದ್ದುಹೋಗಿದೆ,” ಎಂದಳು.

ಕೆಥೆಡ್ರಲ್ ಎಂದರೆ ಬಿಷಪ್ಪರ ಪೀಠವಿರುವ ದೊಡ್ಡ ಇಗರ್ಜಿ. ಸೇಂಟ್ ಪಾಲ್ಸ್ ಲಂಡನ್ನಿನ ಹೆಸರಾಂತ ಕಟ್ಟಡ. ಅಲ್ಲಿದ್ದ ಹಳೆಯ ಇಗರ್ಜಿ 1666ರ ದೊಡ್ಡ ಬೆಂಕಿಯಲ್ಲಿ ಹಾಳಾಯಿತು. ಕ್ರಿಸ್ಟೋಫರ್ ರೆನ್ ಎಂಬ ಶಿಲ್ಪಿ 1675ರಲ್ಲಿ ಹೊಸದನ್ನು ಶುರುಮಾಡಿ, ಮೂವತ್ತೈದು ವರ್ಷ ಕಟ್ಟಿಸಿದ. ಎತ್ತರ 365 ಅಡಿ. ಮಗಳು ಹೇಳುತ್ತಾ ಹೋದಳು: “257 ಮೆಟ್ಟಿಲು ಹತ್ತಿದ ಮೇಲೆ ಪಿಸುಮಾತಿನ ಗ್ಯಾಲರಿ ಅಂತ ಬರತ್ತಮ್ಮ. ಗೋಡೆಗೆ ಮುಖ ಮಾಡಿ ಮೆಲ್ಲಗೆ ಮಾತಾಡಿದ್ರೆ ಅಷ್ಟು ದೂರದಲ್ಲಿ, ಆಚೆ ಬದಿಗೆ ಕೂತವರಿಗೆ ಕೇಳ್ಸತ್ತೆ. ಥೇಟ್ ನಮ್ಮ ಗೋಳಗುಮ್ಮಟದ ಹಾಗೇನೇ ಅಲ್ವಾ?”

“ಇರಬಹುದಮ್ಮ. ನಾನು ನೋಡಿಲ್ಲ.”

“ನೋಡಿಲ್ವಾ? ಗುಮ್ಮಟದ ಮುಂದೆ ತೆಗೆಸಿದ ಫೋಟೋ ಆಲ್ಬಮ್ಮಿನಲ್ಲಿ ಇದೆಯಲ್ಲ!”

“ಆ ಫೋಟೋನಲ್ಲಿ ನೀನು ನನ್ನ ತೊಡೆ ಮೇಲೆ ನಿದ್ದೆ ಮಾಡ್ತಿದ್ದೀಯ, ನೋಡು.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅಮ್ಮಾ, ನೀನು ಒಂದ್ಸಲ ಹತ್ತಬೇಕು. ನನಗೋಸ್ಕರ,” ಎಂದಳು.

“ಆಗ್ಲಿ ಬಿಡೇ,” ಎಂದು ಫೋನಿಟ್ಟೆ. ಆದರೆ ಅಂದಿನಿಂದ ಎಲ್ಲಿ ಗುಮ್ಮಟ ಕಂಡರೂ ಅದೇ ನೆನಪು. ನಮ್ಮ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲೂ ಗುಮ್ಮಟವಿರುವ ಒಂದು ಕೆಥೆಡ್ರಲ್ ಇದೆ, ಸೇಂಟ್ ಮಾರ್ಕ್ಸ್ ಎಂದು. 1808ರಲ್ಲಿ ಆರಂಭವಾದ ಇಗರ್ಜಿ. ಅದರ ಕಟ್ಟಡಕ್ಕೆ ಲಂಡನ್ನಿನ ಸೇಂಟ್ ಪಾಲ್ಸೇ ಮೇಲ್ಪಂಕ್ತಿ ಎನ್ನುತ್ತಾರೆ. ಬಸ್ಸಿನ ಕಿಟಕಿಯಿಂದ ಅದನ್ನು ಕಂಡಾಗಲೆಲ್ಲ ‘ಲಂಡನ್ನಿನ ಗುಮ್ಮಟವನ್ನು ಮಗಳು ಹತ್ತಿದಳು, ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರದ ಗುಮ್ಮಟವನ್ನು ನಾನು ಹತ್ತಲಿಲ್ಲ’ ಎನ್ನಿಸುತ್ತಿತ್ತು.

ಮನಸ್ಸಿನಲ್ಲಿ ಅನ್ನಿಸಿದ್ದೆಲ್ಲ ಕೂಡಲೇ ಆಗುತ್ತದೆಯೇ? ಅತ್ತೆಯವರು ಹಾಸಿಗೆ ಹಿಡಿದರು. ಅವರ ಸೇವೆಯಲ್ಲಿ ಮೂರು ವರ್ಷ. ಆಮೇಲೆ 2020ರಲ್ಲಿ ಕೊರೋನಾ ಬಂದು ಎಲ್ಲರೂ ಮನೆಯೊಳಗೆ. ನಮ್ಮವರ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದಾಯಿತು. ಅಷ್ಟರಲ್ಲಿ ನನ್ನ ಮಂಡಿ ಕಿರುಗುಟ್ಟಲು ಶುರುಮಾಡಿತು. ಹೋದ ವರ್ಷ ಮಾತ್ರ ಗಟ್ಟಿಮನಸ್ಸು ಮಾಡಿದೆ. ಡಾಕ್ಟರನ್ನು ಕೇಳಿದೆ, “ನಿಧಾನವಾಗಿ ಹತ್ತಿ, ಅದಕ್ಕೆ ಮೊದಲು ಅಭ್ಯಾಸ ಮಾಡಿ,” ಎಂದರು. ಸಂಡಿಗೆ ಒಣಹಾಕಲು ಹತ್ತುವ ನಮ್ಮ ತಾರಸಿಯ ಮೆಟ್ಟಿಲೇ ನನ್ನ ವ್ಯಾಯಾಮಶಾಲೆಯಾಯಿತು. ಬೆಳಿಗ್ಗೆ ನಾಲ್ಕು ಸಲ, ಸಂಜೆ ನಾಲ್ಕು ಸಲ. ಪಕ್ಕದ ಮನೆಯವರು, “ಏನ್ರೀ, ಮೇಲೆ ಏನಾದ್ರೂ ಕಳ್ಕೊಂಡಿದ್ದೀರಾ?” ಎಂದು ಕೇಳಿದ್ದೂ ಉಂಟು!

ಡಿಸೆಂಬರಿನಲ್ಲಿ ನಾವಿಬ್ಬರೇ ಹೊರಟೆವು. ರೈಲಿನ ಹೆಸರೇ ಗೋಲಗುಂಬಜ್ ಎಕ್ಸ್‌ಪ್ರೆಸ್. ಬುತ್ತಿಗೆ ಚಪಾತಿ, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ. ಬೆಳಗಾಗುವಾಗ ಹೊರಗಿನ ನೆಲದ ಬಣ್ಣವೇ ಬದಲಾಗಿತ್ತು. ನಮ್ಮ ಕಡೆಯ ಕೆಂಪು ಮಣ್ಣು ಹೋಗಿ ಎರೆಯ ಕಪ್ಪು ಮಣ್ಣು, ಕಣ್ಣು ಹಾಯುವಷ್ಟು ದೂರ ಜೋಳ. ಬಾಗಲಕೋಟೆ ದಾಟಿ, ಕೃಷ್ಣೆಯನ್ನು ದಾಟಿದರೆ ವಿಜಯಪುರ ಜಿಲ್ಲೆ. ಊರಿನ ಹತ್ತಿರ ಬಂದಂತೆ ಕಿಟಕಿಯಲ್ಲಿ ಮೊದಲು ಕಾಣುವುದೇ ಗುಮ್ಮಟ. ಬಟ್ಟಬಯಲಿನಲ್ಲಿ ಬೋಗುಣಿ ಬೋರಲು ಹಾಕಿದ ಹಾಗೆ!

ಈಗ ಗುಮ್ಮಟದ ವಿಷಯ ನಾಲ್ಕು ಮಾತು ತಿಳಿದುಕೊಂಡು ಮುಂದೆ ಹೋಗೋಣ. ಇದು ಬಿಜಾಪುರವನ್ನಾಳಿದ ಆದಿಲ್‌ಶಾಹಿ ಸುಲ್ತಾನ ಮಹಮ್ಮದ್ ಆದಿಲ್ ಶಾಹನ ಸಮಾಧಿ. ಅವನು ಪಟ್ಟಕ್ಕೆ ಬಂದದ್ದು 1627ರಲ್ಲಿ, ತೀರಿಕೊಂಡದ್ದು 1656ರಲ್ಲಿ. ಬದುಕಿರುವಾಗಲೇ ತನ್ನ ಸಮಾಧಿಯನ್ನು ಕಟ್ಟಿಸತೊಡಗಿದ. ಕಟ್ಟಿದ ಶಿಲ್ಪಿ ದಾಬೋಲಿನ ಯಾಕೂತ್ ಎಂದು ಹೇಳುತ್ತಾರೆ.

ಒಳಗೆ ಕಾಲಿಟ್ಟರೆ ಒಂದೇ ಒಂದು ಹಜಾರ. ನಡುವೆ ಒಂದು ಕಂಬವೂ ಇಲ್ಲ! ನೆಲದ ವಿಸ್ತಾರ ಹದಿನೆಂಟು ಸಾವಿರ ಚದರ ಅಡಿಗೂ ಹೆಚ್ಚು. ಹೀಗೆಂದರೆ ನಮಗೆ ಅಂದಾಜು ಸಿಗುವುದಿಲ್ಲ, ಅಲ್ಲವೇ? ನಮ್ಮ ಬೆಂಗಳೂರಿನ ಲೆಕ್ಕದಲ್ಲಿ ಹೇಳುತ್ತೇನೆ: ಮೂವತ್ತು ನಲವತ್ತರ ಸೈಟುಗಳು ಹದಿನೈದು, ಒಂದೇ ಸೂರಿನ ಕೆಳಗೆ. ಮಧ್ಯದ ಕಟ್ಟೆಯ ಮೇಲೆ ಸುಲ್ತಾನನ, ಅವನ ಇಬ್ಬರು ಬೇಗಂಗಳ, ಮಗಳ, ಮೊಮ್ಮಗನ ಮತ್ತು ರಂಭೆ ಎಂಬ ನರ್ತಕಿಯ ಗೋರಿಗಳಿವೆ. ಕಣ್ಣಿಗೆ ಕಾಣುವ ಇವು ಗುರುತಿಗೆ ಮಾತ್ರ; ನಿಜವಾದ ಗೋರಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ. ರಂಭೆಯ ಬಗ್ಗೆ ಗೈಡುಗಳು ಬಗೆಬಗೆಯ ಕಥೆ ಹೇಳುತ್ತಾರೆ. ನಾನು ಕಥೆ ಕೇಳಲಿಲ್ಲ, ಆ ಕಲ್ಲನ್ನಷ್ಟೇ ಸ್ವಲ್ಪ ಹೊತ್ತು ನೋಡಿದೆ. ಆರರಲ್ಲಿ ನಾಲ್ವರು ಹೆಂಗಸರು ಮಲಗಿರುವ ಜಾಗವನ್ನು ನಾವು ಒಬ್ಬ ಗಂಡಸಿನ ಹೆಸರಿನಲ್ಲಷ್ಟೇ ನೆನೆಯುತ್ತೇವಲ್ಲ!

ಕಂಬವಿಲ್ಲದೆ ಅಷ್ಟು ಭಾರ ನಿಂತದ್ದು ಹೇಗೆ? ಇದು ನಮ್ಮ ಹೆಂಗಸರಿಗೆ ಬೇಗ ಅರ್ಥವಾಗುವ ವಿದ್ಯೆ. ರಂಗೋಲಿಯಲ್ಲಿ ಒಂದು ಚೌಕ ಬರೆದು, ಅದರ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಬರೆದರೆ ಎಂಟು ಮೂಲೆಯ ನಕ್ಷತ್ರ ಬರುತ್ತದಲ್ಲ, ಅದೇ. ನಾಲ್ಕು ಗೋಡೆಗಳ ಮೇಲೆ ಆ ನಕ್ಷತ್ರದ ಗೆರೆಗಳಂತೆ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಮೇಲೇರುತ್ತವೆ. ಚೌಕದ ಮನೆ ಮೇಲೆ ಹೋದಂತೆ ದುಂಡಗಾಗುತ್ತದೆ, ಆ ದುಂಡಿನ ಮೇಲೆ ಗುಮ್ಮಟ ಕೂತಿದೆ. ಗುಮ್ಮಟದ ಭಾರ ಹೊರಕ್ಕೆ ತಳ್ಳಿದರೆ ಕಮಾನುಗಳ ಭಾರ ಒಳಕ್ಕೆ ಎಳೆದು ಹಿಡಿಯುತ್ತದೆ. ಒಳಗಿನ ಅಡ್ಡಳತೆ ಸುಮಾರು 124 ಅಡಿ, ಹೊರಗಿನದು 144. ಎರಡು ಕಡೆಯ ಗೋಡೆಯ ದಪ್ಪ ಸೇರಿ ಇಪ್ಪತ್ತಡಿ ವ್ಯತ್ಯಾಸ ಎಂದಾಯಿತು! ಎತ್ತರದಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಮುಂದೆ, ಅಗಲದಲ್ಲಿ ನಮ್ಮದೇ ಮುಂದೆ. ಅದೂ ರೆನ್ ತನ್ನ ಕೆಲಸ ಶುರುಮಾಡುವುದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲು.

ಹೊರಗೆ ನಾಲ್ಕು ಮೂಲೆಗೂ ಎಂಟು ಮುಖದ ಒಂದೊಂದು ಗೋಪುರ. ಏಳು ಅಂತಸ್ತು. ಆ ಗೋಪುರದೊಳಗೇ ಮೆಟ್ಟಿಲು. ಮೆಟ್ಟಿಲ ಬಾಗಿಲಿಗೆ ಬಂದಾಗ ನಮ್ಮವರು ನಿಂತುಬಿಟ್ಟರು. ಇಂಥ ಕಡಿದಾದ ಮೆಟ್ಟಿಲು ಅವರಿಗೆ ಬೇಡ ಎಂದು ಡಾಕ್ಟರ ಕಟ್ಟಪ್ಪಣೆ ಇತ್ತು. ಅದು ಮೊದಲೇ ಗೊತ್ತಿದ್ದ ವಿಷಯವೇ. ಆದರೂ ಆ ಕ್ಷಣಕ್ಕೆ ನನ್ನ ಕಾಲು ಹಿಂದಕ್ಕೆ ಬಂತು.

“ನೀವಿಲ್ಲದೆ ನಾನೊಬ್ಬಳೇ ಏನು ಹತ್ತೋದು? ಇಲ್ಲಿಂದಲೇ ನೋಡಿದ್ರಾಯ್ತು ಬಿಡಿ,” ಎಂದೆ.

“85ರಲ್ಲಿ ನೀನಿಲ್ದೆ ನಾನು ಹತ್ತಲಿಲ್ವೇನೇ?” ಎಂದರು. ಆಮೇಲೆ ನನ್ನ ಹೆಗಲಿನಿಂದ ಬ್ಯಾಗನ್ನು ತಾವೇ ತೆಗೆದುಕೊಂಡು, “ಹೋಗಿ ಬಾ. ಬ್ಯಾಗ್ ನಾನು ನೋಡ್ಕೋತೀನಿ,” ಎಂದರು.

ನಲವತ್ತು ವರ್ಷದ ಸಂಸಾರದಲ್ಲಿ ಆ ಮಾತನ್ನು ನಾನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಮೆಟ್ಟಿಲುಗಳು ಇಕ್ಕಟ್ಟು, ಒಂದೊಂದೂ ಎತ್ತರ. ನಮ್ಮ ತಾರಸಿಯ ಮೆಟ್ಟಿಲಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಮೊದಲ ಅಂತಸ್ತಿಗೇ ಎದೆ ಡಬಡಬ. ಪ್ರತಿ ಅಂತಸ್ತಿಗೂ ಕಮಾನಿನ ಕಿಟಕಿಗಳಿವೆ, ತಣ್ಣನೆಯ ಗಾಳಿ ಬರುತ್ತದೆ. ಅಲ್ಲಿ ನಿಂತು ಸುಧಾರಿಸಿಕೊಳ್ಳಬಹುದು. ಎರಡನೆಯ ಅಂತಸ್ತಿನಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಮೂರನೆಯದರಲ್ಲಿ ಇಳಿದುಬಿಡೋಣವೇ ಎನ್ನಿಸಿತು. ಆಗ ಹಿಂದಿನಿಂದ ಒಂದು ದನಿ:

“ಯಕ್ಕಾ, ಗ್ವಾಡಿ ಹಿಡಕೊಂಡ ಹತ್ರೀ. ಗಡಬಡಿ ಮಾಡಬ್ಯಾಡ್ರಿ.”

ತಿರುಗಿ ನೋಡಿದರೆ ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದಾದ ಒಬ್ಬ ಹೆಂಗಸು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕೈಯಲ್ಲಿ ಎಂಟು ವರ್ಷದ ಮೊಮ್ಮಗಳ ಕೈ. ಹತ್ತಿರದ ಹಳ್ಳಿಯವರಂತೆ. ಜೊತೆಯಾಗಿ ಹತ್ತತೊಡಗಿದೆವು.

“ನೀವು ಇಲ್ಲಿಯವರೇ, ಎಷ್ಟು ಸಲ ಹತ್ತಿದ್ದೀರೋ ಏನೋ!” ಎಂದೆ.

ಆಕೆ ನಕ್ಕುಬಿಟ್ಟರು. “ನಮ್ಮ ಹೊಲದಾಗ ನಿಂತ್ರ ಈ ಗುಮ್ಮಟ ಕಾಣಸ್ತೈತ್ರೀ. ಸಣ್ಣಾಕಿ ಇದ್ದಾಗಿಂದ ನೋಡಾಕತ್ತೀನಿ. ಮ್ಯಾಲ ಹತ್ತೂದು ಇವತ್ತ ಮೊದಲ.”

“ಅಯ್ಯೋ, ಯಾಕ್ರೀ?”

“ಕೆಲಸ ಮುಗದ್ರ ಬರಬೇಕಲ್ರೀ!”

ನೋಡಿದಿರಾ? ನಾನು ಬಂದದ್ದು ಐನೂರು ಕಿಲೋಮೀಟರಿಗೂ ಹೆಚ್ಚು ದೂರದಿಂದ. ಆಕೆಯ ಹೊಲದಿಂದ ಗುಮ್ಮಟ ಕಾಣುತ್ತದೆ. ಆದರೂ ಇಬ್ಬರಿಗೂ ಇಲ್ಲಿಗೆ ಬಂದು ಸೇರಲು ಹಿಡಿದ ಕಾಲ ಹೆಚ್ಚುಕಡಿಮೆ ಒಂದೇ!

ಏಳು ಅಂತಸ್ತೂ ಮುಗಿದಾಗ ಬಿಸಿಲಿಗೆ ಬಂದು ನಿಂತೆವು. ಗುಮ್ಮಟದ ಬುಡದ ಸುತ್ತ ದೊಡ್ಡ ದೊಡ್ಡ ದಳಗಳ ಅಂಚು. ದೂರದಿಂದ ಬೋಗುಣಿಯಂತೆ ಕಂಡದ್ದು ಹತ್ತಿರದಲ್ಲಿ ಅರಳುವ ಮೊಗ್ಗಿನಂತೆ ಕಾಣುತ್ತದೆ. ಕೆಳಗೆ ಇಡೀ ಊರು. ಅಪ್ಪನ ಈ ಗುಮ್ಮಟವನ್ನು ಮೀರಿಸಬೇಕೆಂದು ಎರಡನೆಯ ಅಲಿ ಆದಿಲ್ ಶಾಹ ಶುರುಮಾಡಿ, 1672ರಲ್ಲಿ ತೀರಿಕೊಂಡದ್ದರಿಂದ ಅರ್ಧಕ್ಕೇ ನಿಂತ ಬಾರಾಕಮಾನು ಈ ಊರಲ್ಲೇ ಇದೆ. ಪಶ್ಚಿಮದ ಕಡೆ ಇಬ್ರಾಹಿಂ ರೋಜಾ. ಕೆಳಗೆ ಹುಲ್ಲಿನ ಮೇಲೆ ಇರುವೆಯಷ್ಟು ಚಿಕ್ಕದಾಗಿ ಒಂದು ಬಿಳಿ ಅಂಗಿ, ಪಕ್ಕದಲ್ಲಿ ಒಂದು ನೀಲಿ ಚುಕ್ಕೆ. ನನ್ನ ಬ್ಯಾಗು!

ಗುಮ್ಮಟದ ದಪ್ಪ ಗೋಡೆಯಲ್ಲಿರುವ ಬಾಗಿಲಿನಿಂದ ಒಳಗೆ ಹೋದರೆ ಸುಮಾರು ಹನ್ನೊಂದು ಅಡಿ ಅಗಲದ ಗ್ಯಾಲರಿ, ಒಳಗೋಡೆಯ ಸುತ್ತ ಬಳೆಯ ಹಾಗೆ. ಇದೇ ಪಿಸುಮಾತಿನ ಗ್ಯಾಲರಿ. ಆದರೆ ಪಿಸುಮಾತು ಎಲ್ಲಿ ಬಂತು! ಒಂದು ಶಾಲೆಯ ಮಕ್ಕಳೆಲ್ಲ ಒಳಗೆ ಸೇರಿ “ಹೋ” ಎಂದು ಕೂಗುತ್ತಿದ್ದರು. ಒಂದು ಕೂಗು ಏಳರಿಂದ ಹತ್ತು ಸಲ ಮರುದನಿಯಾಗುವ ಜಾಗದಲ್ಲಿ ಐವತ್ತು ಮಕ್ಕಳು ಕೂಗಿದರೆ ಹೇಗಿರಬೇಡ? ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿ ಕೂತೆ. ಕೆಳಗೆ ಇಣುಕಿದರೆ ಸಮಾಧಿಗಳು ಬೊಂಬೆಮನೆಯ ಸಾಮಾನಿನಷ್ಟು ಚಿಕ್ಕವಾಗಿ ಕಂಡವು. ತಲೆ ತಿರುಗುವವರು ಇಣುಕದಿರುವುದೇ ಒಳ್ಳೆಯದು.

ಹದಿನೈದು ನಿಮಿಷದ ಮೇಲೆ ಮೇಷ್ಟರು ಮಕ್ಕಳನ್ನು ಸಾಲು ಮಾಡಿ ಕರೆದುಕೊಂಡು ಹೋದರು. ದನಿಗಳು ಒಂದೊಂದಾಗಿ ಅಡಗಿದವು. ಆಗ ಬಂದ ನಿಶ್ಶಬ್ದ ನಾನು ಈವರೆಗೆ ಕೇಳಿರದಂಥದ್ದು. ಆ ಹೆಂಗಸು ಮೊಮ್ಮಗಳ ಜೊತೆ ನನ್ನ ನೇರ ಎದುರಿಗೆ, ಆಚೆ ಬದಿಯಲ್ಲಿ ಹೋಗಿ ಕೂತಿದ್ದರು. ಮುಖ ಸರಿಯಾಗಿ ಕಾಣದಷ್ಟು ದೂರ.

ನಾನು ಗೋಡೆಯ ಕಡೆ ತಿರುಗಿದೆ. ಏನು ಹೇಳುವುದು? ಎಷ್ಟೋ ವರ್ಷದಿಂದ ಕಾದು ಬಂದವಳಿಗೆ ಒಂದು ಮಾತೂ ತೋಚಲಿಲ್ಲ. ಮನೆಯಲ್ಲಿ ನಾನು ಅಮ್ಮ, ಅತ್ತಿಗೆ, ದೊಡ್ಡಮ್ಮ, ‘ಏ ಇವಳೇ’. ಹೆಸರು ಹಿಡಿದು ಕರೆಯುತ್ತಿದ್ದ ನಮ್ಮಪ್ಪ, ನಮ್ಮಮ್ಮ ಇಬ್ಬರೂ ಇಲ್ಲ. 1985ರಲ್ಲಿ ಈ ಗೋಡೆಗಳ ನಡುವೆ ಸುತ್ತಿದ ಆ ಹೆಸರನ್ನು ನಾನೇ ಹೇಳಿದೆ. ಮಲಗಿದ ಮಗುವಿನ ಪಕ್ಕದಲ್ಲಿ ಮಾತಾಡುವಷ್ಟು ಮೆಲ್ಲಗೆ.

ಒಂದು ಕ್ಷಣ ಬಿಟ್ಟು, ನನ್ನ ಕಿವಿಯ ಪಕ್ಕದಲ್ಲೇ ಯಾರೋ ಕೂತು ಕೇಳಿದ ಹಾಗೆ ಗೋಡೆಯಿಂದ ಮಾತು ಬಂತು: “ಇದು ನಿಮ್ಮ ಹೆಸರೇನ್ರೀ, ಯಕ್ಕಾ?” ಮೈ ಜುಮ್ಮೆಂದಿತು! “ಹೌದು. ನಿಮ್ಮ ಹೆಸರು?” ಎಂದೆ. ಆಕೆ ತಮ್ಮ ಹೆಸರು ಹೇಳಿದರು. ಮೊಮ್ಮಗಳು ತನ್ನದನ್ನೂ ಹೇಳಿತು. ಅಷ್ಟು ಹೊತ್ತು ಜೊತೆಯಲ್ಲೇ ಮೆಟ್ಟಿಲು ಹತ್ತಿದವರು ಹೆಸರು ಕೇಳಿಕೊಂಡದ್ದು 124 ಅಡಿ ದೂರ ಕೂತ ಮೇಲೆ!

ಇದರಲ್ಲಿ ಮಾಯವೇನೂ ಇಲ್ಲ. ದುಂಡನೆಯ ನುಣುಪು ಗೋಡೆಗೆ ಅಂಟಿಕೊಂಡಂತೆ ದನಿ ಸಾಗುತ್ತದೆ. ಬಯಲಿನಲ್ಲಿ ಚದುರುವ ಹಾಗೆ ಚದುರುವುದಿಲ್ಲ. ನಮ್ಮ ಸಿ.ವಿ. ರಾಮನ್ ಅವರು 1921ರಲ್ಲಿ ಲಂಡನ್ನಿಗೆ ಹೋದಾಗ ಸೇಂಟ್ ಪಾಲ್ಸ್ ಗ್ಯಾಲರಿಯಲ್ಲೇ ಈ ಪಿಸುಮಾತಿನ ಪರೀಕ್ಷೆ ಮಾಡಿದ್ದರು. ಮರುವರ್ಷ ಭಾರತದ ಇಂಥ ಗ್ಯಾಲರಿಗಳ ಬಗ್ಗೆಯೂ ಬರೆದರು, ಗೋಳಗುಮ್ಮಟವೂ ಸೇರಿ. 1933ರಲ್ಲಿ ಬೆಂಗಳೂರಿಗೆ ಬಂದು ಕೊನೆಯವರೆಗೂ ನಮ್ಮ ಊರಿನಲ್ಲೇ ಇದ್ದ ಮಹಾನುಭಾವರು. ಮಗಳ ಗುಮ್ಮಟಕ್ಕೂ ನನ್ನ ಗುಮ್ಮಟಕ್ಕೂ ಹೀಗೊಂದು ಬೆಂಗಳೂರಿನ ನಂಟು ಇದೆ ಎಂದು ತಿಳಿದು ಬಹಳ ಸಂತೋಷವಾಯಿತು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ಮಂಡಿಯ ಮೇಲೆ ಭಾರ ಬೀಳುತ್ತದೆ. ಗೋಡೆ ಹಿಡಿದು ಒಂದೊಂದೇ ಇಳಿದೆ. ಹುಲ್ಲಿನ ಮೇಲೆ ನಮ್ಮವರು ಮೂರು ಬ್ಯಾಗುಗಳ ನಡುವೆ ಕೂತಿದ್ದರು. ನಮ್ಮದು ಒಂದೇ ಅಲ್ಲವೇ?

“ಇನ್ನೆರಡು ಯಾರದ್ದೂಂದ್ರೆ?”

“ಯಾರೋ ಏನೋ! ನಾನು ಕೂತಿರೋದು ನೋಡಿ, ಸ್ವಲ್ಪ ನೋಡ್ಕೊಳ್ಳಿ ಅಂತ ಇಟ್ಟು ಹೋದ್ರು. ನೀರು ಕುಡಿಯೋಣ ಅಂದ್ರೂ ಏಳೋ ಹಾಗಿಲ್ಲ. ಬಹಳ ಬೇಜಾರಿನ ಕೆಲಸ ಕಣೇ ಇದು. ಇಷ್ಟು ವರ್ಷ ನೀನು ಹ್ಯಾಗೆ ಮಾಡಿದ್ಯೋ!”

ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು ಕಾಲು ಚಾಚಿದೆ. ಸ್ವಲ್ಪ ಹೊತ್ತಿನ ಮೇಲೆ ಅವರು, “ಕೂಗಿದ್ಯಾ?” ಎಂದರು. “ಇಲ್ಲ, ಮೆಲ್ಲಗೆ ಹೇಳಿದೆ,” ಎಂದೆ. ಏನು ಹೇಳಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಗಳಿಗೆ ಮಾತ್ರ ಅಲ್ಲಿಂದಲೇ ಫೋನು ಮಾಡಿ, “ನಿನ್ನ ಸಾಲ ತೀರಿತು ಕಣೇ,” ಎಂದೆ. ಅವಳು ಅತ್ತಳೋ ನಕ್ಕಳೋ, ಆ ಗಾಳಿಯಲ್ಲಿ ಸರಿಯಾಗಿ ಕೇಳಿಸಲಿಲ್ಲ.

ಮಧ್ಯಾಹ್ನ ಊರೊಳಗಿನ ಒಂದು ಖಾನಾವಳಿಯಲ್ಲಿ ಬಿಸಿಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಏಳು ಅಂತಸ್ತು ಹತ್ತಿದ ಹಸಿವಿಗೆ ಮೂರು ರೊಟ್ಟಿ ಹೋದದ್ದೇ ಗೊತ್ತಾಗಲಿಲ್ಲ!

ನೀವೂ ಹೋಗುವುದಾದರೆ ಕೆಲವು ಮಾತು. ಚಳಿಗಾಲದಲ್ಲೇ ಹೋಗಿ, ಅಲ್ಲಿಯ ಬೇಸಿಗೆಯ ಬಿಸಿಲು ನಮ್ಮವರಿಗೆ ತಡೆಯದು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಿದರೆ ಗದ್ದಲವಿರುವುದಿಲ್ಲ, ಪಿಸುಮಾತು ಕೇಳಬಹುದು. ಗದ್ದಲವಿದ್ದರೆ ತಾಳ್ಮೆಯಿಂದ ಕಾಯಿರಿ. ಸೀರೆ ಉಟ್ಟಿದ್ದರೆ ನೆರಿಗೆ ಸ್ವಲ್ಪ ಮೇಲಕ್ಕೆ ಉಡಿ, ಜಾರದ ಚಪ್ಪಲಿ ಹಾಕಿ. ಮಂಡಿನೋವು, ರಕ್ತದೊತ್ತಡ, ಎದೆಯ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹೊರಡಬೇಡಿ. ಒಂದು ತಿಂಗಳು ಮೊದಲಿನಿಂದ ಮನೆಯ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಿ. ಮೇಲೆ ಗೋಡೆಯ ಮೇಲೆ ಹೆಸರು ಗೀಚಬೇಡಿ, ಮಕ್ಕಳಿಗೂ ಬಿಡಬೇಡಿ. ಬಾಯಲ್ಲಿ ಹೇಳಿದರೆ ಸಾಕು, ಗುಮ್ಮಟ ಕೇಳಿಸಿಕೊಳ್ಳುತ್ತದೆ.

ಇನ್ನೊಂದು ಮಾತು. ಮನೆಯಿಂದ ಹೊರಡುವಾಗಲೇ ಬ್ಯಾಗು ಕಾಯುವ ಪಾಳಿ ಯಾರದು ಎಂದು ಮಾತಾಡಿಕೊಳ್ಳಿ. ಒಬ್ಬರು ಹತ್ತುವಾಗ ಒಬ್ಬರು ಕೂರಲಿ, ಆಮೇಲೆ ಬದಲಾಯಿಸಿಕೊಳ್ಳಲಿ. ನನ್ನ ಹಾಗೆ ಮಗಳು ಲಂಡನ್ನಿನಿಂದ ಫೋನು ಮಾಡುವವರೆಗೆ ಕಾಯಬೇಡಿ.